ಮಾವನ ನೆಲಪರೀಕ್ಷೆ

ನೆಲ ನೋಡಿಕೊಂಡೇ ಮಾತಾಡುವವರನ್ನು ಕಂಡರೆ, ಪಾಪ, ಸಂಕೋಚದ ಸ್ವಭಾವ ಎಂದುಕೊಳ್ಳುತ್ತೀರಿ ಅಲ್ಲವೆ? ನನ್ನ ಸೋದರಮಾವನೂ ಯಾರ ಮನೆಗೆ ಹೋದರೂ ನೆಲ ನೋಡಿಕೊಂಡೇ ಮಾತಾಡುತ್ತಾರೆ. ಆದರೆ ಸಂಕೋಚವೆಂಬ ಪದಾರ್ಥ ಅವರ ಹತ್ತಿರ ಸುಳಿದೇ ಇಲ್ಲ! ಅವರ ಪಾಲಿನದನ್ನೂ ದೇವರು ನನಗೇ ಸುರಿದಿರಬೇಕು.

ಜಕ್ಕೂರು ಕೆರೆಯ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ನನ್ನ ಸಹೋದ್ಯೋಗಿಯ ಗೃಹಪ್ರವೇಶ. ಎಲ್ಲರೂ ಬಾಲ್ಕನಿಯಿಂದ ಕೆರೆ ನೋಡಿ ಆಹಾ ಎನ್ನುತ್ತಿದ್ದರೆ ಮಾವ ಬರಿಗಾಲಿನ ಹೆಬ್ಬೆರಳಿನಿಂದ ಹೊಳೆಯುವ ನೆಲವನ್ನು ಉಜ್ಜುತ್ತಿದ್ದರು. ಸಹೋದ್ಯೋಗಿ ಬಂದು, "ಇಟಾಲಿಯನ್ ಮಾರ್ಬಲ್ ಅಂಕಲ್, ಹೇಗಿದೆ?" ಎಂದು ಕೇಳಿದ್ದೇ ತಪ್ಪಾಯಿತು.

"ತುಂಬಾ ಚೆನ್ನಾಗಿದೆ ಕಣಮ್ಮಾ. ಇಲ್ಲಿ ಹತ್ತಿರದಲ್ಲಿ ಮೂಳೆ ಡಾಕ್ಟ್ರು ಯಾರಿದಾರೆ?"

ನಾನು ಊಟದ ಸಾಲಿಗೆ ನುಗ್ಗಿ, ಆ ಮನುಷ್ಯ ಯಾರೋ ಏನೋ ಎಂಬ ಮುಖ ಮಾಡಿಕೊಂಡು ಹೋಳಿಗೆ ತಿಂದೆ.

ಈ ಗೀಳು ಅವರಿಗೆ ಹತ್ತಿದ್ದು ನಮ್ಮಮ್ಮ ಬಿದ್ದ ಮೇಲೆ. ಯಲಹಂಕದ ನಮ್ಮ ಮನೆಯಲ್ಲಿ, ಬಚ್ಚಲಿನಿಂದ ಒದ್ದೆಗಾಲಲ್ಲಿ ಬಂದವಳು ಹಾಲ್‌ನ ನುಣುಪು ನೆಲದ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು, ಮೂಳೆಯೂ ಕೂಡಿತು. ಆದರೆ ಭಯ ಮಾತ್ರ ಹೋಗಲಿಲ್ಲ. ಗೋಡೆ ಬಿಟ್ಟು ಒಂದು ಹೆಜ್ಜೆ ಇಡುತ್ತಿರಲಿಲ್ಲ. ಬಚ್ಚಲಿಗೆ ಹೋಗಿಬರುವುದು ಬಿಟ್ಟರೆ ದಿನವಿಡೀ ದಿವಾನದ ಮೇಲೇ. ಮನೆಯ ನೆಲವನ್ನೆಲ್ಲ ಬದಲಾಯಿಸುವುದೆಂದು ತೀರ್ಮಾನವಾದ ಕೂಡಲೇ ಚಿಕ್ಕಬಾಣಾವರದಿಂದ ಮಾವ ಬಂದಿಳಿದರು. ಜೀವಮಾನವೆಲ್ಲ ಆಫೀಸಿನಲ್ಲಿ ಫೈಲು ತಿರುವಿದವರು; ಗಾರೆಯವರ ಕರಣೆ ಯಾವ ಕಡೆಯಿಂದ ಹಿಡಿಯುವುದೆಂದೂ ತಿಳಿಯದು. ಆದರೇನಂತೆ?

ಟೈಲ್ಸ್ ಅಂಗಡಿಗೆ ಹೋದರೆ, ಅಲ್ಲಿದ್ದ ಸೇಲ್ಸ್‌ಮನ್ ಕಾಲೇಜಿನಲ್ಲಿ ನನ್ನ ಕೈಲಿ ಪಾಠ ಕಲಿತ ಹುಡುಗ! "ಮೇಡಂ, ನೀವಾ!" ಎಂದು ಎದ್ದು ನಿಂತ. ನಾನು ಗಂಭೀರವಾಗಿ ನಗುವಷ್ಟರಲ್ಲಿ ಮಾವ ಚೀಲದಿಂದ ಒಂದು ಡಬ್ಬಿ ತೆಗೆದು, ಬೆಳ್ಳನೆಯ ಟೈಲ್ ಮೇಲೆ ಹುಳಿ ಸುರಿದರು. ಹೌದು, ಮನೆಯಲ್ಲಿ ಬೆಳಿಗ್ಗೆ ಮಾಡಿದ ನುಗ್ಗೇಕಾಯಿ ಹುಳಿ!

"ಇದು ಅಡುಗೆಮನೆಗೆ ಕಣಪ್ಪಾ. ಒಣಗಲಿ. ಅರಿಶಿನದ ಕಲೆ ಹೋಗುತ್ತೋ ಇಲ್ವೋ ನೋಡೋಣ."

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಬಿಡುವುದೆಲ್ಲಿಂದ, ಅದರ ಮೇಲೆಲ್ಲ ಟೈಲ್ಸ್!

ಆಮೇಲೆ ಚೀಲದಿಂದ ಗುಂಡುಕಲ್ಲು ಬಂತು. ಎದೆಯ ಮಟ್ಟದಿಂದ ಇನ್ನೊಂದು ಟೈಲ್ ಮೇಲೆ ಬಿಟ್ಟರು. ಟೈಲ್ ಎರಡು ಹೋಳು. ಸೆಕ್ಯೂರಿಟಿಯವನು ಓಡಿಬಂದ.

"ನೋಡಿದ್ರಾ? ಇದು ಗೋಡೆಗೆ ಹಾಕೋ ಮಾಲು!" ಎಂದು ಮಾವ ಗುಡುಗಿದರು.

"ಹೌದು ಸರ್," ಎಂದ ನನ್ನ ಶಿಷ್ಯ, ಮೆಲ್ಲಗೆ. "ಗೋಡೆಗೆ ಅಂತಾನೇ ಬರೆದಿದೀವಿ."

ಮಾವ ಬೋರ್ಡು ಓದಿದರು. "ಹಾಗಾದ್ರೆ ಸರಿಯಾಗೇ ಬರೆದಿದೀರ. ಒಳ್ಳೇ ಅಂಗಡಿ," ಎಂದು ಮುಂದೆ ನಡೆದರು. ಬಚ್ಚಲಿನ ಟೈಲ್ಸ್ ಬಂದಾಗ ಸೋಪಿನ ನೀರು ಚೆಲ್ಲಿ ನನ್ನತ್ತ ತಿರುಗಿದರು. "ಪುಟ್ಟಿ, ಚಪ್ಪಲಿ ಬಿಟ್ಟು ಇದರ ಮೇಲೆ ಬಿರಬಿರನೆ ನಡಿ. ನೀನು ಬಿದ್ರೆ ಈ ಡಿಸೈನ್ ಬೇಡ."

ಶಿಷ್ಯನ ಮುಂದೆ ಸೀರೆ ಎತ್ತಿಕಟ್ಟಿ ನಡೆದೆ. ಬೀಳಲಿಲ್ಲ. ಮರ್ಯಾದೆಯೊಂದೇ ಬಿತ್ತು.

ಅಂತೂ ಬಚ್ಚಲಿಗೆ ಕಾಲಿಗೆ ಹಿಡಿತ ಸಿಗಲೆಂದು ಸಂದು ಜಾಸ್ತಿಯಿರುವ ಒರಟು ಸಣ್ಣ ಟೈಲ್ಸ್, ಹಾಲ್‌ಗೂ ಅಡುಗೆಮನೆಗೂ ಹೊಳಪಿಲ್ಲದವು, ಹೊರಗಿನ ಮೆಟ್ಟಿಲಿಗೆ ಒರಟಾದ ಸಾದರಹಳ್ಳಿ ಗ್ರಾನೈಟ್ ಕಲ್ಲು ಎಂದಾಯಿತು. ಮಲಗುವ ಕೋಣೆಗೆ ಮರದ ನೆಲ ಬೇಕೆಂಬ ನನ್ನ ಆಸೆಯನ್ನು "ಒರೆಸೋ ನೀರು ಕುಡಿದು ಹಪ್ಪಳದ ಥರ ಏಳುತ್ತೆ" ಎಂದು ಅಲ್ಲೇ ಮುಗಿಸಿದರು.

ಕೆಲಸ ಶುರುವಾದ ಮೇಲೆ ಇನ್ನೊಂದು ಅವಾಂತರ. ಮೇಸ್ತ್ರಿ ಟೈಲ್ಸ್ ಕೂರಿಸಿ ಸಿಮೆಂಟು ಗಟ್ಟಿಯಾದ ಕಡೆಯೆಲ್ಲ ಮಾವ ಬೋರಲು ಮಲಗಿ, ಚಮಚದಿಂದ ಕುಟ್ಟಿ, ನೆಲಕ್ಕೆ ಕಿವಿಯಿಟ್ಟು ಕೇಳುವುದು. ಪಕ್ಕದ ಮನೆಯಾಕೆ ಬಾಗಿಲಿಂದ ಇಣುಕಿದವರೇ, "ಅಯ್ಯೋ, ಯಜಮಾನ್ರಿಗೆ ಏನಾಯ್ತ್ರೀ!" ಎಂದು ಚೀರಿದರು. ಬೀದಿಯವರೆಲ್ಲ ಸೇರಿದರು. ಯಾರೋ ಆಂಬುಲೆನ್ಸ್ ಎಂದರು. ಮಾವ ಮಲಗಿದಲ್ಲಿಂದಲೇ ಕೈಯೆತ್ತಿ, "ಶ್! ಕೇಳಿಸ್ಕೊತಿದೀನಿ" ಎಂದರು.

"ನೆಲ ಏನಂತದೆ ಯಜಮಾನ್ರೆ?" ಮೇಸ್ತ್ರಿ ಕೇಳಿದ.

"ಒಳಗೆ ಟೊಳ್ಳು ಅಂತಿದೆ. ಕಿತ್ತು ಮತ್ತೆ ಹಾಕು."

ನೆರೆದವರಿಗೆಲ್ಲ ಕಾಫಿ ಕೊಟ್ಟು ಕಳಿಸಿದವಳು ನಾನು. ಆಮೇಲೆ ಎಷ್ಟೋ ದಿನ ನಮ್ಮ ಬೀದಿಯಲ್ಲಿ ತಲೆತಗ್ಗಿಸಿ ಓಡಾಡಿದೆ.

ಕೆಲಸ ಮುಗಿದ ಮೇಲೂ ಅಮ್ಮ ದಿವಾನದಿಂದ ಕದಲಲಿಲ್ಲ. ಮಾವ ಒಮ್ಮೆಯೂ ನಡೆಯೆನ್ನಲಿಲ್ಲ. ಒಂದು ಬೆಳಿಗ್ಗೆ ತಿಳಿಸಾರು ಮಾಡುತ್ತೇನೆಂದು ಅಡುಗೆಮನೆ ಹೊಕ್ಕರು. ಸ್ವಲ್ಪ ಹೊತ್ತಿಗೆ ಘಾಟು ಎದ್ದಿತು.

"ಒಗ್ಗರಣೆ ಸೀದೋಗ್ತಿದೆ ಕಣೋ!" ಅಮ್ಮ ಕೂಗಿದಳು.

"ಎಲ್ಲಿ ಅಕ್ಕ? ಸರಿಯಾಗೇ ಇದೆಯಲ್ಲ!"

"ಸರಿ ಅಂತೆ ಸರಿ!" ಎಂದು ಗೊಣಗುತ್ತಾ ಅಮ್ಮ ಎದ್ದಳು. ಗೋಡೆ ಹಿಡಿದು ಎರಡು ಹೆಜ್ಜೆ. ಆಮೇಲೆ ಕೈ ಬಿಟ್ಟು, ಹಾಲ್‌ನ ನಡುವೆ, ನೇರ ಅಡುಗೆಮನೆಗೆ. ನಾನು ಹಿಂದೆಯೇ ಹೋದೆ. ಒಲೆ ಆರಿಸಿ, ಮಾವನ ಕೈಯಿಂದ ಸೌಟು ಕಿತ್ತುಕೊಂಡಳು.

ಮಾವ ಅವಳ ಪಾದಗಳನ್ನೇ ನೋಡುತ್ತಿದ್ದರು. "ಅಕ್ಕ... ನೆಲ ಹೇಗಿದೆ?"

"ನೆಲಾನಾ? ನಾನು ನೋಡ್ಲೇ ಇಲ್ಲ ಕಣೋ."

ಮಾವ ಅಲ್ಲೇ ಕುಸಿದು ಕೂತು, ಚಿಕ್ಕ ಮಗುವಿನಂತೆ ಗಟ್ಟಿಯಾಗಿ ಅತ್ತುಬಿಟ್ಟರು. ಅಮ್ಮ ಹಾಗೇ ನಿಂತಿದ್ದಳು. ಒಂದು ಕೈ ತಮ್ಮನ ತಲೆಯ ಮೇಲೆ, ಇನ್ನೊಂದರಲ್ಲಿ ಸೌಟು. ಗೋಡೆ ಹಿಡಿಯಲು ಅವಳಿಗೆ ಕೈಯೇ ಉಳಿದಿರಲಿಲ್ಲ.