ಕಂದೀಲಿನ ದಾವೆಯೂ ನಾಗವ್ವನ ಹಂಡೆಯೂ

ಬಾಯಿ ತುಂಬ ಅವಲಕ್ಕಿ ಚೂಡಾ ತುಂಬಿಕೊಂಡದ್ದೇ ಕಾಡಪ್ಪನ ತಪ್ಪು.

ಇಂಗ್ಲಿಷರ ಸರಕಾರವಿದ್ದ ಕಾಲ. ಪುಣೆಯ ಪುರಸಭೆ ಚುನಾವಣೆಯಲ್ಲಿ ತಮ್ಮ ಗುರುತಾದ ಕಂದೀಲನ್ನು ಹೊಸ ಪಕ್ಷದವರು ಕದ್ದರೆಂದು, ಭವಾನಿ ಪೇಠೆಯ ಹಳೇ ಪಕ್ಷದ ಅಧ್ಯಕ್ಷ ರಾಮಲಿಂಗಪ್ಪ ದಾವೆಗೆ ಹೊರಟಿದ್ದ. "ದಾವೆ ಪಕ್ಷದ ಹೆಸರಲ್ಲಿ ನಡೆಯೂದಿಲ್ರಿ. ಎಲ್ಲಾರ ಪರವಾಗಿ ಒಬ್ಬರು ವಾದಿ ಆಗಬೇಕು" ಎಂದರು ವಕೀಲರು. ಸಭೆಯಲ್ಲಿದ್ದವರೆಲ್ಲ ಒಲ್ಲೆ ಎಂದರು. ಬೆಲ್ಲದ ಅಡತಿ ಅಂಗಡಿಯ ಗುಮಾಸ್ತ ಕಾಡಪ್ಪನಿಗೆ ಮಾತ್ರ ಬಾಯಿ ಖಾಲಿ ಇರಲಿಲ್ಲ; ಹಾಗಾಗಿ ವಾದಿ ಅವನೇ ಆದ.

ಕೊನೆಗೊಂದು ಬೆಳಿಗ್ಗೆ ದಾವೆ ವಜಾ ಆಯಿತು. ಗೆದ್ದವರ ಖರ್ಚನ್ನೂ ವಾದಿಯೇ ಕೊಡಬೇಕೆಂದು ಜಡ್ಜರು ಹೇಳಿದರು.

"ವಾದಿ ಅಂದ್ರ ಪಕ್ಷ, ಹೌದಲ್ರಿ?" ಕಾಡಪ್ಪನಿಗೆ ಕುತೂಹಲ.

"ಪಕ್ಷಕ್ಕ ಮನಿ ಇಲ್ಲಪಾ, ನಿನಗದ," ಎಂದರು ವಕೀಲರು. " ಕೊಡದಿದ್ರ ಕೋರ್ಟಿನ ಬೇಲೀಫ ಬಂದು ಸಾಮಾನು ಜಪ್ತಿ ಮಾಡ್ತಾನ."

ಕಾಡಪ್ಪನ ಮನೆಯಲ್ಲಿ ಸಾಮಾನೆಂದರೆ ಹೆಂಡತಿಯ ತವರಿನ ತಾಮ್ರದ ಹಂಡೆಯೊಂದೇ. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣವಿದ್ದಂತೆ, ನಾಗವ್ವನ ಪ್ರಾಣ ಆ ಹಂಡೆಯಲ್ಲಿತ್ತು.

ಖರ್ಚನ್ನು ಪಕ್ಷವೇ ಕೊಡಲೆಂದು ಕೇಳಲು ಕಾಡಪ್ಪ ರಾಮಲಿಂಗಪ್ಪನ ಅಂಗಡಿಗೆ ಓಡಿದ. "ಯಾವ ಪಕ್ಷನೋ? ನಾವೆಲ್ಲಾ ಮಧ್ಯಾಹ್ನನ ರಾಜೀನಾಮೆ ಕೊಟ್ಟೇವಿ. ಈಗ ಪಕ್ಷ ಅಂದ್ರ ನೀನೊಬ್ಬನ!"

ಸೋತು ಮರಳುವಾಗ ನೆರೆಮನೆಯ ಕಲ್ಲವ್ವ ಕಟ್ಟೆಯಿಂದಲೇ ಕೂಗಿದಳು: "ಯಪ್ಪಾ, ರೊಕ್ಕ ಗೆದ್ದವರ ಕಡೆ ಹೋಗೂದಾದ್ರ, ನೀನೂ ಆ ಕಡೆನ ಹೋಗಬಾರದೇನ?"

ಕಾಡಪ್ಪನ ತಲೆಯೊಳಗೆ ಕಂದೀಲು ಹತ್ತಿತು. ನೆಟ್ಟಗೆ ಹೊಸ ಪಕ್ಷದ ಕಚೇರಿಗೆ ನಡೆದ.

"ಬರ್ರಿ ಬರ್ರಿ!" ಅಧ್ಯಕ್ಷ ಸಿದ್ರಾಮಪ್ಪ ಹಾರ ಹಾಕಿದ. ಚೂಡಾದ ತಾಟು ಬಂತು.

"ಇನ್ನ ನಾನೂ ನಿಮ್ಮಾಂವ ಆದೆ. ನನ್ನ ಮನೀಗೆ ಬೇಲೀಫ..."

"ಛೇ, ನಮ್ಮವರ ಮನೀಗೆ ಬೇಲೀಫನ್ನ ಕಳಸ್ತೀವೇನ್ರಿ?"

ಹಗುರಾದ ಕಾಡಪ್ಪ ದೊಡ್ಡದೊಂದು ಮುಷ್ಟಿ ಚೂಡಾ ಬಾಯಿಗೆ ಸುರಿದುಕೊಂಡ.

"ನಮಗೊಬ್ಬ ಖಜಾಂಚಿ ಬೇಕಾಗಿತ್ತು," ಸಿದ್ರಾಮಪ್ಪ ಮುಂದುವರಿಸಿದ, "ನೀವ ಆಗ್ರಿ. ಒಲ್ಲೆ ಅನ್ನೂದಿಲ್ಲಲ್ಲ? ಭಾಳ ಛಲೋ! ಮೊದಲನೇ ಕೆಲಸ, ಕೋರ್ಟಿನ ಖರ್ಚು ವಸೂಲಿ. ಬೇಲೀಫ ಯಾಕ? ವಾದಿ ಮನಿ ನಿಮಗ ಗೊತ್ತೇ ಅದಲ್ರಿ."

ಸಂಜೆ ಕಾಡಪ್ಪ ಹಾರ ಹಾಕಿಕೊಂಡೇ ತನ್ನ ಮನೆಯ ಬಾಗಿಲು ಬಡಿದ. ಕಲ್ಲವ್ವನ ಬಾಯಿಂದ ಸುದ್ದಿ ಮೊದಲೇ ಮುಟ್ಟಿತ್ತು. ನಾಗವ್ವ ಹಂಡೆಯನ್ನು ಬೋರಲು ಹಾಕಿ, ಅದರ ಮೇಲೆ ಕುಳಿತಿದ್ದಳು.

ಹೊಸ್ತಿಲಾಚೆಯೇ ನಿಂತು ಕಾಡಪ್ಪ ಮೆಲ್ಲಗೆ ಕೆಮ್ಮಿದ. "ವಾದಿ... ಮನ್ಯಾಗ ಅದಾರೇನ್ರಿ?"

"ಇಲ್ರಿ," ಎಂದಳು ನಾಗವ್ವ. "ಚೂಡಾ ತಿನ್ನಾಕ ಹೋಗ್ಯಾರ."