ಖೋಖೋ ಹುಡುಗಿಯರೂ ದೇಶದ ಆರ್ಥಿಕತೆಯೂ

ಅರ್ಥಶಾಸ್ತ್ರ ಕಲಿಸುವವರಿಗೆ ಒಂದು ಅನುಕೂಲವಿದೆ. ಯಾವ ಪ್ರಶ್ನೆಗೂ ಎರಡು ಉತ್ತರ ಇಟ್ಟುಕೊಳ್ಳಬಹುದು, ಎರಡಕ್ಕೂ ಅಂಕ ಸಿಗುತ್ತದೆ. ಗುಬ್ಬಿಯ ಕಾಲೇಜಿನಲ್ಲಿ ಇಷ್ಟು ವರ್ಷ ನಾನು ಮಾಡಿಕೊಂಡು ಬಂದಿರುವುದೂ ಅದನ್ನೇ. ದೊಡ್ಡ ಕ್ರೀಡಾಕೂಟವನ್ನೋ ಸಂಗೀತ ಮೇಳವನ್ನೋ ಒಂದು ದೇಶ ತನ್ನ ನೆಲದಲ್ಲಿ ನಡೆಸಿದರೆ ಅದರ ಆರ್ಥಿಕತೆಗೆ ಲಾಭವೇ ಎಂಬ ಪಾಠ ಬಂದಾಗ, ಸೋಮವಾರ ಲಾಭ ಎಂದು ಹೇಳಿ ಬೋರ್ಡಿನ ತುಂಬ ಬಾಣದ ಗುರುತು ಎಳೆಯುತ್ತೇನೆ. ಪ್ರವಾಸಿ ಬಂದ, ಹೋಟೆಲಿಗೆ ಹೋದ, ಹೋಟೆಲಿನವನು ತರಕಾರಿ ಕೊಂಡ, ತರಕಾರಿಯವನು ಮಗಳಿಗೆ ಸೈಕಲ್ ಕೊಡಿಸಿದ. ಮಂಗಳವಾರ ಅದೇ ಬಾಣಗಳನ್ನು ಅಳಿಸಿ ನಷ್ಟ ಎನ್ನುತ್ತೇನೆ. ಬುಧವಾರ ಯಾರಾದರೂ, "ಹಾಗಾದ್ರೆ ಯಾವ್ದು ಸರ್ ನಿಜ?" ಎಂದರೆ, "ಎರಡನ್ನೂ ಬರೀರಿ" ಎನ್ನುತ್ತೇನೆ. ಈ ಪ್ರಶ್ನೆಯಿಂದ ಇದುವರೆಗೆ ಯಾರೂ ಫೇಲಾಗಿಲ್ಲ.

ಕೆಟ್ಟದ್ದು ಎಲ್ಲೆಂದರೆ, ತುಮಕೂರಿನ ನಮ್ಮ ಬಡಾವಣೆಯ ಸಂಘದ ಸಭೆಯಲ್ಲಿ ನಾನು ಸೋಮವಾರದ ಪಾಠವನ್ನಷ್ಟೇ ಹೇಳಿ ಕೆಳಗಿಳಿದದ್ದು. ಊರಿಗೆ ಹೆಣ್ಣುಮಕ್ಕಳ ರಾಜ್ಯಮಟ್ಟದ ಖೋಖೋ ಪಂದ್ಯಾವಳಿ ಬರುವುದಿತ್ತು. ಮೈಕ್ ಸಿಕ್ಕ ಖುಷಿಯಲ್ಲಿ, ಇಂಥ ಕೂಟಗಳಿಂದಲೇ ಊರು, ಜಿಲ್ಲೆ, ಕೊನೆಗೆ ದೇಶ ಉದ್ಧಾರವಾಗುವುದು ಎಂದುಬಿಟ್ಟೆ. ನಾನು ಕೂರುವ ಮೊದಲೇ ಸಂಘದ ಅಧ್ಯಕ್ಷ, ಹಾರ್ಡ್‌ವೇರ್ ಅಂಗಡಿಯ ಶಿವಣ್ಣ ಎದ್ದು ನಿಂತ. ಛತ್ರಗಳೆಲ್ಲ ಮದುವೆಗೆ ಬುಕ್ಕಾಗಿವೆ, ಆಟಗಾರ್ತಿಯರನ್ನು ನಾಲ್ಕು ನಾಲ್ಕು ಜನರಂತೆ ಮನೆಗಳಲ್ಲೇ ಉಳಿಸಿಕೊಳ್ಳಬೇಕು ಎಂದ. "ಮೊದಲ್ನೇ ಮನೆ ನಮ್ ಮೇಷ್ಟ್ರುದ್ದು! ಇಷ್ಟೊಂದ್ ಲಾಭ ಐತೆ ಅಂತ ಅವ್ರೇ ಹೇಳವ್ರಲ್ಲ!"

ನನ್ನ ಹೆಂಡತಿ ಗಿರಿಜಾ ಕುಣಿಗಲ್ಲಿನವಳು. ಸುದ್ದಿ ಕೇಳಿ ಕೂಗಾಡಲಿಲ್ಲ, ಅದಕ್ಕೇ ನನಗೆ ಭಯವಾಯಿತು. "ಬರ್ಲಿ ಬಿಡಿ, ಮಕ್ಳು ತಾನೇ. ಆದ್ರೆ ಅವ್ರು ಹೊರಟ ದಿನ ಲಾಭ ಆಯ್ತಾ ನಷ್ಟ ಆಯ್ತಾ ಅಂತ ನೀವು ಒಂದೇ ಮಾತಲ್ಲಿ ಹೇಳ್ಬೇಕು. ಎರಡೆರಡು ಹೇಳೋದನ್ನೆಲ್ಲ ಗುಬ್ಬೀಲೇ ಇಟ್ಕೊಳಿ. ಹೇಳೋಕಾಗ್ಲಿಲ್ಲ ಅಂದ್ರೆ ಇನ್ಮೇಲೆ ಮೈಕ್ ಮುಟ್ಟಂಗಿಲ್ಲ" ಎಂದಳು. ನನಗೆ ಮೈಕ್ ಎಂದರೆ ಪ್ರಾಣ. ಕ್ಲಾಸಿನಲ್ಲಿ ಹುಡುಗರು ನನ್ನ ಮಾತು ಕೇಳುವುದಿಲ್ಲ, ಮನೆಯಲ್ಲಿ ಇವಳು ಕೇಳುವುದಿಲ್ಲ. ಮೈಕಿನ ಎದುರು ಕೂತವರಿಗೆ ಮಾತ್ರ ಎದ್ದು ಹೋಗಲು ಸಂಕೋಚ. ಅದೂ ಹೋದರೆ ನನ್ನ ಪಾಲಿಗೆ ಉಳಿಯುವುದೇನು? ಹಾಗಾಗಿ ಲಾಭ ಎಲ್ಲಿದ್ದರೂ ಹುಡುಕಲೇಬೇಕೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ.

ಮೊದಲ ಲಾಭ ಬೇಗ ಸಿಕ್ಕಿತು. ಎಷ್ಟೋ ಕಾಲದಿಂದ ಕೆಟ್ಟು ನಿಂತಿದ್ದ ಗೀಸರ್ ಒಂದೇ ಮಧ್ಯಾಹ್ನದಲ್ಲಿ ರಿಪೇರಿಯಾಯಿತು. ನಾನು ಗೋಗರೆದಾಗಲೆಲ್ಲ "ನೀವೇನು ಮದುಮಗನಾ?" ಎನ್ನುತ್ತಿದ್ದ ಗಿರಿಜಾ ತಾನೇ ಫೋನ್ ಮಾಡಿ ಮೆಕ್ಯಾನಿಕ್‌ನನ್ನು ಕರೆಸಿದಳು. ಪುಸ್ತಕದಲ್ಲಿ ಮೂಲಸೌಕರ್ಯ ಎಂದಿರುವುದು ಇದನ್ನೇ ಎಂದು ಹಿಗ್ಗಿದೆ. ಬಂದವರು ವಿಜಯಪುರದ ಕಡೆಯ ತಂಡದ ನಾಲ್ವರು ಹುಡುಗಿಯರು. ಅವರ ಕ್ಯಾಪ್ಟನ್ ಸವಿತಾ ಬೆಳಗಾಗೆದ್ದು, "ನಮಗ ತಣ್ಣೀರ ರೂಢಿ ಅದರೀ ಕಾಕಾ" ಎಂದು ನಲ್ಲಿಯ ನೀರು ಹಿಡಿದುಕೊಂಡಳು. ಉಳಿದವರೂ ಹಾಗೇ. ಬಿಸಿನೀರು ಮಿಂದವನು ನಾನೊಬ್ಬನೇ. ಆದರೆ ಮಂಚವನ್ನು ಅವರಿಗೆ ಬಿಟ್ಟುಕೊಟ್ಟು ನಾನು ಹಾಲಿನಲ್ಲಿ ಚಾಪೆಗೆ ಬಂದಿದ್ದೆನಲ್ಲ, ಚಾಪೆಯಲ್ಲಿ ಹಿಡಿದುಕೊಂಡ ಬೆನ್ನಿಗೇ ಆ ಬಿಸಿನೀರು ಖರ್ಚಾಯಿತು. ಇದು ಲಾಭವೋ ನಷ್ಟವೋ ತಿಳಿಯಲಿಲ್ಲ.

ಮನೆಯಲ್ಲಿ ಸಿಗದ ಲಾಭ ಬೀದಿಯಲ್ಲಿ ಸಿಕ್ಕೀತೆಂದು ಮೂಲೆಯ ತಟ್ಟೆ ಇಡ್ಲಿ ಹೋಟೆಲಿಗೆ ಹೋದೆ. ಸ್ಟೇಡಿಯಮ್ಮಿಗೆ ಎರಡು ಹೆಜ್ಜೆ, ವ್ಯಾಪಾರ ಜೋರಿರಬೇಕು. ಮಾಲೀಕ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. "ಜನ ಬರ್ತಾರೆ ಅಂತ ಡಬಲ್ ಹಿಟ್ಟು ರುಬ್ಸಿದೀನಿ ಸಾರ್. ರಷ್ಷಿರುತ್ತೆ ಅಂತ ದಿನಾ ಬರೋರು ಬರ್ತಿಲ್ಲ. ಆಡೋ ಹುಡುಗೀರಿಗೆ ನಿಮ್ಮಂತೋರು ಮನೇಲೇ ಊಟ ಹಾಕ್ತಿದೀರಿ. ನಮ್ ಹೊಟ್ಟೆ ಮೇಲೆ ಹೊಡೀಬ್ಯಾಡಿ" ಎಂದ. ಬೋರ್ಡಿನ ಮೇಲಿನ ನನ್ನ ಬಾಣ ಹೋಟೆಲಿನ ಬಾಗಿಲವರೆಗೂ ಬರದೆ ನಮ್ಮ ಅಡುಗೆಮನೆಗೇ ತಿರುಗಿತ್ತು. ಖುಷಿಯಾಗಿದ್ದವನು ಶಾಮಿಯಾನದವನೊಬ್ಬನೇ. ಅವನು ಮದುವೆ, ತಿಥಿ, ಪಂದ್ಯಾವಳಿ ಎಲ್ಲದರಲ್ಲೂ ಖುಷಿಯಾಗಿರುತ್ತಾನೆ, ಅವನನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆ?

ಇಷ್ಟಕ್ಕೇ ಮುಗಿಯಲಿಲ್ಲ. ಸೆಮಿಫೈನಲ್ಲಿನಲ್ಲಿ ನಮ್ಮ ಮನೆಯ ಹುಡುಗಿಯರ ತಂಡಕ್ಕೂ ತುಮಕೂರಿನವರಿಗೂ ಪಂದ್ಯ ಬಿತ್ತು. ಅವತ್ತು ಮಧ್ಯಾಹ್ನ ಗಿರಿಜಾ ರಾಗಿಮುದ್ದೆ ಮಾಡಿ ಸೊಪ್ಪಿನ ಬಸ್ಸಾರು ಬಡಿಸಿದಳು. ಜೋಳದ ರೊಟ್ಟಿಯವರು ಮುದ್ದೆಯನ್ನು ಬಾಯಿಗಿಟ್ಟು ಕಷ್ಟಪಟ್ಟು ಅಗಿಯತೊಡಗಿದರು. "ಅಯ್ಯೋ, ಅಗೀಬಾರ್ದು ಕಣ್ರಮ್ಮ! ಸಾರಲ್ಲಿ ಅದ್ದಿ ನುಂಗ್ಬೇಕು!" ಎಂದು ಇವಳು ತಾನೇ ಮುರಿದು ನುಂಗಿ ತೋರಿಸಿದಳು. ಸವಿತಾ ಕಣ್ಣು ಮುಚ್ಚಿ ನುಂಗಿ, "ಎಲ್ಲಿ ಹೋತೋ ಗೊತ್ತಾಗಲಿಲ್ಲರೀ ಕಾಕೂ!" ಎಂದಾಗ ಮನೆಯೆಲ್ಲ ನಗು. ಕುಣಿಗಲ್ ಕಡೆ ಒಂದೇ ಮುದ್ದೆಗೆ ಎಲೆ ಬಿಟ್ಟು ಏಳುವವರನ್ನು ಅತಿಥಿಯೆಂದು ಒಪ್ಪುವುದಿಲ್ಲ. ಬೇಡ ಬೇಡವೆಂದರೂ ಎರಡನೆಯದು ಬಿತ್ತು. ಈ ಮಕ್ಕಳು ಇನ್ನು ಓಡುವುದುಂಟೇ ಎಂದು ನನಗೆ ನಿಜಕ್ಕೂ ಸಂಕಟವಾಯಿತು. ಸೋತರೆ ಮೇಷ್ಟ್ರು ಮುದ್ದೆ ಹಾಕಿ ಮೋಸ ಮಾಡಿದರು ಎಂದಾರು!

ಓಡಿದರು. ನಮ್ಮವರ ಕೈಗೆ ಸಿಗದಂತೆ ಓಡಿದರು. ಗಿರಿಜಾ ಗ್ಯಾಲರಿಯಲ್ಲಿ ಎದ್ದು ನಿಂತು, "ಓಡೇ ಸವಿತಾ, ಓಡೇ!" ಎಂದು ಕೂಗುತ್ತಿದ್ದರೆ ಬಡಾವಣೆಯವರೆಲ್ಲ ತಿರುಗಿ ನನ್ನನ್ನು ನೋಡುತ್ತಿದ್ದರು. ಯಾರಿಗೆ ಕೂಗಬೇಕೆಂದು ತಿಳಿಯದೆ ನಾನು ಕಡಲೆಕಾಯಿ ಸುಲಿಯುತ್ತ ಕೂತೆ. ಆಟ ಮುಗಿದ ಮೇಲೆ ಶಿವಣ್ಣ ಬಂದು, "ಏನ್ ಸಾರ್, ನಮ್ಮೂರ ಮುದ್ದೆ ತಿಂದು ನಮ್ ಹುಡುಗೀರ್ನೇ ಸೋಲ್ಸವ್ರೆ. ಇದೇನಾ ನೀವು ಹೇಳಿದ್ ಲಾಭ?" ಎಂದ. ಲಾಭವೇನೋ ಆಗಿತ್ತು, ಆದರೆ ಅದು ವಿಜಯಪುರಕ್ಕೆ ಹೋಗುವ ಲಾಭ.

ಫೈನಲ್ ಮುಗಿಸಿ ಅವರು ಹೊರಟ ದಿನ ಗಿರಿಜಾ ಕುಂಕುಮ ಇಟ್ಟು ತೆಂಗಿನಕಾಯಿ ಕೊಟ್ಟಳು. "ನಮ್ಮೂರಿಗೆ ಬರ್ರಿ ಕಾಕೂ, ರೊಟ್ಟಿ ಅಗಿಯೂದು ನಾವು ಕಲಸ್ತೀವಿ" ಎಂದು ಸವಿತಾ ಇವಳನ್ನು ತಬ್ಬಿಕೊಂಡಳು. ಬಸ್ ಹತ್ತಿಸಿ ಬಂದು ಊಟಕ್ಕೆ ಕೂತರೆ, ಗಿರಿಜಾ ಅಭ್ಯಾಸಬಲದಿಂದ ಅವರ ಪಾಲಿನ ಮುದ್ದೆಯನ್ನೂ ಕಟ್ಟಿಬಿಟ್ಟಿದ್ದಳು. ತಟ್ಟೆಯಲ್ಲಿ ಸಾಲಾಗಿ ಕೂತ ಮುದ್ದೆಗಳನ್ನು ಇಬ್ಬರೂ ಒಂದೊಂದಾಗಿ ಎಣಿಸಿದೆವು. ಆಗಲೇ ಅವಳು ಕೇಳಿದಳು: "ಹೇಳಿ, ಲಾಭನಾ ನಷ್ಟನಾ?"

"ಗೊತ್ತಾಗ್ತಿಲ್ಲ ಕಣೇ" ಎಂದೆ. ನನ್ನ ವೃತ್ತಿಯಲ್ಲಿ ಇಷ್ಟು ಚಿಕ್ಕ ಉತ್ತರ ನಾನು ಕೊಟ್ಟದ್ದೇ ಇಲ್ಲ.

ಹಾಗಾಗಿ ಮುಂದಿನ ಸಭೆಯಲ್ಲಿ, ರಾಷ್ಟ್ರಮಟ್ಟದ ಪಂದ್ಯಾವಳಿಯನ್ನೂ ನಮ್ಮೂರಿಗೆ ಕರೆಯೋಣವೇ ಎಂಬ ಮಾತು ಬಂದಾಗ ನಾನು ಮೈಕ್ ಮುಟ್ಟುವಂತಿರಲಿಲ್ಲ. ಗಿರಿಜಾ ತಾನೇ ವೇದಿಕೆ ಹತ್ತಿದಳು. "ಲಾಭ ನಷ್ಟ ಎಲ್ಲಾ ನಂಗೊತ್ತಿಲ್ಲ. ಕರೀರಿ. ನಮ್ಮನೇಲಿ ಎಂಟು ಜನ ಇಟ್ಕೊಳ್ತೀನಿ" ಎಂದಳು. ಶಿವಣ್ಣ, "ಅಷ್ಟೊಂದ್ ಜನಕ್ಕೆ ಜಾಗ ಎಲ್ಲೈತೆ ಅಕ್ಕ?" ಎಂದು ಕೇಳಿದ.

"ಹಾಲ್ ಖಾಲಿ ಆಗುತ್ತಲ್ಲ. ಇವ್ರನ್ನ ಕುಣಿಗಲ್‌ಗೆ, ನಮ್ಮಮ್ಮನ ಮನೆಗೆ ಕಳಿಸ್ತೀನಿ" ಎಂದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕಪಕ್ಕದವರು ನನ್ನನ್ನೇ ನೋಡುತ್ತಿದ್ದುದರಿಂದ ನಾನೂ ತಟ್ಟಿದೆ.