ನಮ್ಮ ಬೀದಿ ಮೋರಿಯ ಗುದ್ದಲಿ ಪೂಜೆಗಳು

ನಮ್ಮ ವಾರ್ಡಿಗೆ ಕಾರ್ಪೊರೇಷನ್ ಎಲೆಕ್ಷನ್ ನಡೆದು ಎಷ್ಟೋ ವರ್ಷ ಆಗೋಯ್ತು. ಆದ್ರೂ ಲೀಡರುಗಳಿಗೇನೂ ಬರ ಬಂದಿಲ್ಲ. ಗೆದ್ದಿದ್ದೋರು, ಸೋತಿದ್ದೋರು, ಮುಂದೆ ನಿಲ್ತೀನಿ ಅನ್ನೋರು, ಎಲ್ಲಾ ಬೆಳಗಾದ್ರೆ ಕತ್ರಿಗುಪ್ಪೆಯ ನಮ್ಮ ಬೀದಿಲೇ ಓಡಾಡ್ತಾರೆ. ನಾನು ಜಗಲಿ ಮೇಲೆ ಸೊಪ್ಪು ಬಿಡಿಸ್ತಾ ಕೂತಿರ್ತೀನಿ. ಮನೆ ಟೀವಿ ರಿಪೇರಿಗೆ ಕೊಟ್ಟು ವರ್ಷ ಆಯ್ತು. ವಾಪಸ್ ತರಬೇಕು ಅಂತ ಇದುವರೆಗೂ ಅನ್ನಿಸಿಲ್ಲ.

ಮೆಂಬರ್ರು ಮನೇಲಿಲ್ಲ

ನಮ್ಮ ಬೀದಿ ಚೂರು ಇಳಿಜಾರು. ಮೇಲ್ಗಡೆ ನಮ್ಮನೆ, ಕೆಳಗಡೆ ಕೊನೇಲಿ ಮೆಂಬರ್ರ ಮನೆ. ನಮ್ಮನೆ ಮುಂದಿನ ಮಳಿಗೆನ ಬ್ಲೌಸ್ ಹೊಲಿಯೋ ಟೈಲರಮ್ಮನಿಗೆ ಬಾಡಿಗೆಗೆ ಕೊಟ್ಟಿದೀನಿ. ಹಳೇ ಟಾರಿನ ಮೇಲೇ ಹೊಸಾ ಟಾರು ಹಾಕಿ ಹಾಕಿ ರಸ್ತೆ ಮೇಲಕ್ಕೆ ಬಂತು, ಅಂಗಡಿ ಹಳ್ಳಕ್ಕೆ ಹೋಯ್ತು. ಮಳೆ ಬಂದ್ರೆ ಮೇನ್ ರೋಡಿನ ನೀರೆಲ್ಲಾ ಅಲ್ಲಿಗೇ. ಯಾರದೋ ಮದುವೆ ಬ್ಲೌಸು, ಯಾರದೋ ಸೀಮಂತದ ಬ್ಲೌಸು, ಎಲ್ಲಾ ಮೋರಿ ನೀರಲ್ಲಿ ತೇಲ್ತವೆ. ಒಂದು ಕಡೆ ಟೈಲರಮ್ಮ ಅಳ್ತಾಳೆ, ಇನ್ನೊಂದು ಕಡೆ ಕಸ್ಟಮರ್ರು ಬೈತಾರೆ. ಬೇಕಾಗಿದ್ದಿದ್ದು ಒಂದು ಮೋರಿ ಅಷ್ಟೇ.

ಇಳಿಜಾರಲ್ವಾ, ನೀರು ಕೆಳಕ್ಕೆ ಹೋಗ್ಬೇಕಲ್ಲ ಅಂತೀರ. ಹೋಗ್ತಿತ್ತು. ಮೆಂಬರ್ರು ತಮ್ಮ ಗೇಟಿಗಿಂತ ಮುಂಚೆ ರಸ್ತೆಗೆ ಅಡ್ಡವಾಗಿ ಮೊಳ ಎತ್ತರದ ಹಂಪು ಹಾಕಿಸ್ಕೊಂಡ್ರು, ನೀರು ಅಲ್ಲೇ ನಿಂತು ನಮ್ಮನೆವರೆಗೂ ಹಿಂದಕ್ಕೆ ಬಂತು. ಯಾಕಪ್ಪಾ ಅಂತ ಕೇಳಿದ್ರೆ ಸ್ಕೂಲ್ ಮಕ್ಕಳ ಸೇಫ್ಟಿಗೆ ದೊಡ್ಡಮ್ಮ ಅಂದ್ರು. ನಮ್ಮ ಬೀದೀಲಿ ಸ್ಕೂಲೇ ಇಲ್ಲ.

ಮೆಂಬರ್ರು ಅಂದ್ರೆ ಅವರೇನೂ ನಿಜವಾದ ಮೆಂಬರ್ರಲ್ಲ. ವಾರ್ಡು ಲೇಡೀಸ್‌ಗೆ ಅಂತ ರಿಸರ್ವ್ ಆದಾಗ ಹೆಂಡ್ತೀನ ನಿಲ್ಲಿಸಿದ್ರು. ಫ್ಲೆಕ್ಸಲ್ಲಿ ಇವರ ಮುಖ ಲಾರಿ ಟೈರಿನಷ್ಟು, ಆಯಮ್ಮನ ಮುಖ ಅಂಗಿ ಗುಂಡಿಯಷ್ಟು. ಗೆದ್ದಿದ್ದು ಆಯಮ್ಮ, ಹಾರ ಹಾಕಿಸ್ಕೊಂಡಿದ್ದು ಇವರು. ಆವತ್ತಿಂದ ಊರೆಲ್ಲಾ ಇವರನ್ನ ಮೆಂಬರ್ರು ಅಂತು, ಆಯಮ್ಮನ್ನ ಮೇಡಂ ಅಂತು.

ಟೈಲರಮ್ಮ ಒಂದಿನ ಮೋರಿ ವಿಷಯ ಹೇಳೋಕೆ ಅವರ ಮನೆಗೇ ಹೋದಳು. ಜೊತೆಗೆ ನಾನೂ ಹೋದೆ. ಇಂಥದನ್ನ ನಾನು ತಪ್ಪಿಸ್ಕೊಳ್ಳೋಳಲ್ಲ. ಮೇಡಂ ಗೇಟಿಗೆ ಬಂದ್ರು.

"ಮೆಂಬರ್ರು ಮನೇಲಿಲ್ಲಮ್ಮ. ಸಾಯಂಕಾಲ ಬನ್ನಿ."

"ಮೇಡಂ, ಮೆಂಬರ್ರು ನೀವೇ ಅಲ್ವಾ?" ಅಂದಳು ಟೈಲರಮ್ಮ.

ಆಯಮ್ಮ ಗೇಟಿನ ಚಿಲಕ ಹಿಡ್ಕೊಂಡೇ ಹೇಳಿದ್ರು, "ಹೌದು. ಆದ್ರೂ ಅವರು ಬಂದ್ಮೇಲೆ ಒಂದ್ಮಾತು ಕೇಳಿ ಹೇಳ್ತೀನಿ."

ಬಾಣಲಿ ಮಣ್ಣು

ಕೊನೆಗೂ ಗುದ್ದಲಿ ಪೂಜೆ ಅಂತ ಆಯ್ತು. ಶಾಮಿಯಾನ, ಮೈಕು, ಕೇಸರಿಬಾತು, ಎಲ್ಲಾ ಸಖತ್ತಾಗಿತ್ತು. ಗುದ್ದಲಿಗೆ ಅರಿಶಿನ ಕುಂಕುಮ ಇಟ್ಟು ಹೂವು ಮುಡಿಸಿದ್ರು. ಟೈಲರಮ್ಮ ಹೊಸಾ ಸೀರೆ ಉಟ್ಕೊಂಡು ಮುಂದಿನ ಸಾಲಲ್ಲೇ ನಿಂತಿದ್ದಳು, ಕಣ್ಣಲ್ಲಿ ನೀರು.

ಮೆಂಬರ್ರು ಗುದ್ದಲಿ ಎತ್ತಿ ಟಾರಿನ ಮೇಲೆ ಒಂದೇಟು ಹಾಕಿದ್ರು. ಟಣ್ ಅಂತು. ಗುದ್ದಲಿ ಎಗರಿ ಪೂಜಾರಪ್ಪನ ಕಾಲ ಹತ್ರ ಬಿತ್ತು. ಪೂಜಾರಪ್ಪ ಮಂತ್ರ ಅರ್ಧಕ್ಕೇ ನಿಲ್ಲಿಸಿ ಶಾಮಿಯಾನದ ಕಂಬದ ಹಿಂದೆ ಹೋಗಿ ನಿಂತ್ಕೊಂಡ್ರು. ಆಮೇಲೆ ಮೆಂಬರ್ರ ಕಡೆಯೋರು ಎಲ್ಲಿಂದಲೋ ಬಾಣಲಿಲಿ ಮೆತ್ತಗಿನ ಮಣ್ಣು ತಂದು ರಸ್ತೆ ಮೇಲೆ ಸುರಿದ್ರು. ಮೆಂಬರ್ರು ಅದಕ್ಕೆ ಗುದ್ದಲಿ ಚುಚ್ಚಿ ನಕ್ಕರು. ಫೋಟೋ ಆಯ್ತು, ಚಪ್ಪಾಳೆ ಆಯ್ತು, ಶಾಮಿಯಾನ ಬಿಚ್ಚಿದ್ರು.

ಸಾಯಂಕಾಲ ಮಳೆ ಬಂತು. ಆ ಮಣ್ಣೆಲ್ಲಾ ಕೊಚ್ಕೊಂಡು ಟೈಲರಮ್ಮನ ಅಂಗಡಿಗೆ ನುಗ್ತು. ಅವಳು ಮೊರದಲ್ಲಿ ಕೆಸರು ಎತ್ತಿ ಹಾಕ್ತಾ ಹೇಳಿದಳು, "ಅಜ್ಜಿ, ಇಷ್ಟು ದಿನ ಬರೀ ನೀರು ಬರ್ತಿತ್ತು. ಈಗ ಪೂಜೆ ಮಾಡಿದ್ ಮಣ್ಣು ಬೇರೆ. ಕಾಲಲ್ಲಿ ತುಳಿಯಂಗೂ ಇಲ್ಲ!"

ಚಟ್ಟಕ್ಕೆ ಹೆಗಲು

ಐದು ವರ್ಷ ಮುಗೀತು. ಮುಂದಿನ ಎಲೆಕ್ಷನ್ ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಎಲ್ಲಾ ಕಾಯ್ತಾ ಕೂತ್ರು. ನಮ್ಮ ಮೆಂಬರ್ರಿಗೆ ಒಬ್ಬ ಎದುರಾಳಿ ಇದಾರೆ. ಅವರಿಗಿಂತ ಮುಂಚೆ ಗೆದ್ದಿದ್ದ ಹಳೇ ಮೆಂಬರ್ರು. ಕೂದಲಿಗೆ ಹಚ್ಚೋ ಕಪ್ಪು ಕಿವಿವರೆಗೂ ಇಳಿದಿರುತ್ತೆ. ಸಾಯಂಕಾಲ ಆದ್ರೆ ಅವರ ಸ್ಕೂಟರು ತ್ಯಾಗರಾಜನಗರದಲ್ಲಿ ಯಾರ ಮನೆ ಮುಂದೆ ನಿಂತಿರುತ್ತೆ ಅನ್ನೋದು ನಂಗೆ ಗೊತ್ತು. ಅದು ಇಲ್ಲಿ ಬೇಡ ಬಿಡಿ.

ಇಬ್ಬರಿಗೂ ಅಧಿಕಾರ ಇಲ್ಲ, ಆದ್ರೆ ಜನ ಮರೀಬಾರ್ದು. ಅದಕ್ಕೇ ಯಾರ ಮನೇಲಿ ಸಾವಾದ್ರೂ ನೆಂಟರಿಗಿಂತ ಮುಂಚೆ ಇವರು ಹಾಜರು. ಹಿಂದಿನ ಬೀದಿ ಮೇಷ್ಟ್ರು ಹೋದಾಗ ಇಬ್ಬರೂ ಬಂದ್ರು. ಇಬ್ಬರಿಗೂ ಚಟ್ಟದ ಮುಂದ್ಗಡೆನೇ ಹೆಗಲು ಕೊಡ್ಬೇಕು, ಫೋಟೋ ಅಲ್ಲೇ ಅಲ್ವಾ ಬೀಳೋದು. ನಮ್ಮ ಮೆಂಬರ್ರು ಆರಡಿ, ಹಳೇ ಮೆಂಬರ್ರು ಅವರ ಎದೆಮಟ್ಟ. ಎತ್ತಿದ್ ತಕ್ಷಣ ಮೇಷ್ಟ್ರು ಒಂದ್ಕಡೆಗೆ ಜಾರಿದ್ರು. ಇವರು ಬಗ್ಗಲ್ಲ, ಅವರು ಬಿಡಲ್ಲ. "ನೀನು ಹಿಂದಕ್ಕೆ ಹೋಗಯ್ಯಾ!" "ನೀನೇ ಹೋಗು, ನಾನು ಅವರ ಸ್ಟೂಡೆಂಟು!"

ಮೇಷ್ಟ್ರ ಮಗ ಅಳು ನಿಲ್ಲಿಸಿ ಕೈ ಮುಗಿದ. "ಅಣ್ಣಾ, ನಮ್ಮಪ್ಪ ಬದುಕಿದ್ದಾಗ ಯಾವ ಲೀಡರ್ ಹಿಂದೇನೂ ಹೋದೋರಲ್ಲ. ಇವತ್ತು ನಿಮ್ಮಿಬ್ಬರ ಹಿಂದೆ ಹೋಗ್ತಾ ಇದಾರೆ. ಬೀಳಿಸದೇ ಆದ್ರೂ ಕರ್ಕೊಂಡ್ ಹೋಗ್ರಪ್ಪಾ!"

ಎಂಜಲು ಗುಂಡಿ

ಈ ವರ್ಷ ಮಳೆಗಾಲಕ್ಕೆ ಮುಂಚೆ ಟೈಲರಮ್ಮ ಬಂದು ಬೀಗದ ಕೈ ಎದುರಿಗಿಟ್ಟಳು. "ಅಜ್ಜಿ, ಅಂಜನಾಪುರದಲ್ಲಿ ನಮ್ಮಕ್ಕನ ಮನೆ ಹತ್ರ ಅಂಗಡಿ ನೋಡ್ಕೊಂಡಿದೀನಿ. ಇಲ್ಲಿರೋ ಗಿರಾಕಿಗಳನ್ನ ಬಿಟ್ಟು ಹೋಗೋಕೆ ಹೊಟ್ಟೆ ಉರಿಯುತ್ತೆ. ಆದ್ರೆ ಇನ್ನೊಂದು ಮಳೆ ತಡ್ಕೊಳ್ಳೋ ಶಕ್ತಿ ಇಲ್ಲ."

ನಂಗೂ ಹೊಟ್ಟೆ ಉರೀತು. ಅವಳು ಹೋದ್ರೆ ವಾರ್ಡಿನ ಅರ್ಧ ಸುದ್ದಿ ನಂಗೆ ಎಲ್ಲಿಂದ ಬರ್ಬೇಕು? "ತಿಂಗಳು ತಡಿಯೇ" ಅಂದೆ.

ಮಾರನೇ ದಿನ ನಮ್ಮ ಮೆಂಬರ್ರು ವಾಕಿಂಗ್ ಬಂದ್ರು. ನಾನು ಸುಳ್ಳು ಹೇಳ್ಲಿಲ್ಲ, ಕೇಳಿದೆ ಅಷ್ಟೆ. "ಏನಪ್ಪಾ, ಹಳೇ ಮೆಂಬರ್ರು ನಮ್ಮ ಮೋರಿಗೆ ಪೂಜೆ ಇಟ್ಕೊಂಡಿದಾರಂತಾ? ಈ ಸಲ ಬಾಣಲಿ ಮಣ್ಣಲ್ಲ, ಜೆಸಿಬಿ ತರಿಸಿ ನಿಜವಾಗ್ಲೂ ಅಗೀತಾರಂತಾ?"

"ಯಾರ್ ಹೇಳಿದ್ದು ದೊಡ್ಡಮ್ಮ?"

"ನಂಗ್ಯಾರು ಹೇಳ್ತಾರಪ್ಪಾ, ಕಿವಿ ಬೇರೆ ಮಂದ."

ಗುರುವಾರವೇ ಜೆಸಿಬಿ ಬಂತು. ಟೈಲರಮ್ಮನ ಅಂಗಡಿ ಮುಂದೆ ಎಮ್ಮೆ ಮಲಗುವಷ್ಟು ಗುಂಡಿ ತೋಡಿಸಿ, ಅದರ ಮುಂದೆ ನಿಂತು ಮೆಂಬರ್ರು ಫೋಟೋ ಹೊಡೆಸ್ಕೊಂಡ್ರು. ಹಳೇ ಮೆಂಬರ್ರಿಗೆ ಸುದ್ದಿ ಮುಟ್ಟಿಸೋದು ಏನ್ ಕಷ್ಟ? ಅವರೂ ಓಡ್ಕೊಂಡು ಬಂದ್ರು. ಪೂಜಾರಪ್ಪ, "ಗುಂಡಿ ರೆಡಿ ಇದ್ಯಲ್ಲ ಸಾರ್, ಇಲ್ಲೇ ಮುಗಿಸೋಣ" ಅಂದ್ರು.

"ಏನ್ರೀ? ಅವನ ಎಂಜಲು ಗುಂಡಿಗೆ ನಾನು ಕಾಯಿ ಒಡೀಲಾ? ಮುಂದಕ್ಕೆ ಅಗೀರಿ!"

ಇಳಿಜಾರಲ್ಲಿ ಇನ್ನೂ ಮುಂದಕ್ಕೆ ಅಗೆದ್ರು, ಮೊದಲಿನ ಗುಂಡಿಗಿಂತ ಉದ್ದ. ಇದನ್ನ ನೋಡಿ ಒಬ್ಬ ಹೊಸಾ ಹುಡುಗ ಬಂದ. ಇನ್ನೂ ಟಿಕೆಟ್ಟೂ ಸಿಕ್ಕಿಲ್ಲ, ಫ್ಲೆಕ್ಸಲ್ಲಿ ಮಾತ್ರ ಆಗ್ಲೇ ಗೆದ್ದಿದಾನೆ. ಇಬ್ಬರು ಮುದುಕರ ಗುಂಡೀಲಿ ಯೂತ್ ನಿಲ್ಲೋದಾ ಅಂತ ಅವನೂ ಇನ್ನೂ ಮುಂದಕ್ಕೆ ತೋಡಿಸ್ದ. ನಮ್ಮ ಮೆಂಬರ್ರಿಗೆ ರೋಷ ಬಂತು. ಕೊನೇ ಪೂಜೆ ತಮ್ಮದೇ ಆಗ್ಬೇಕು, ಫೋಟೋದಲ್ಲಿ ಹಿಂದ್ಗಡೆ ತಮ್ಮ ಮೂರಂತಸ್ತಿನ ಮನೆ ಕಾಣ್ಬೇಕು ಅಂತ ಗೇಟಿನ ಬುಡದವರೆಗೂ ಅಗೆಸಿದ್ರು. ಅಡ್ಡ ಬಂದ ತಮ್ಮ ಹಂಪನ್ನೂ ತಾವೇ ನಿಂತು ಒಡೆಸಿದ್ರು.

ಎಲ್ಲರಿಗೂ ಬಂದಿದ್ದು ಒಂದೇ ಜೆಸಿಬಿ. ಡ್ರೈವರಪ್ಪ ಗುಂಡಿ ಗುಂಡಿ ಮಧ್ಯೆ ಉಳಿದಿದ್ದ ಮಣ್ಣನ್ನೂ ಕಿತ್ತು, ಮೇಲಿಂದ ಕೆಳಗಿನವರೆಗೆ ನೀಟಾಗಿ ಒಂದು ಮಾಡಿಬಿಟ್ಟ. ಯಾಕಪ್ಪಾ ಅಂದ್ರೆ ತಲೆ ಕೆರ್ಕೊಂಡ. "ಎಲ್ಲಾ ಸೇರಿ ಮೋರಿ ಮಾಡ್ತಿದಾರೆ ಅಂದ್ಕೊಂಡೆ ಅಜ್ಜಿ. ಅಲ್ವಾ?"

ಫೋಟೋ ಇದೆ

ಮಾರನೇ ವಾರ ಮಧ್ಯಾಹ್ನ ಕಾಫಿ ಹೊತ್ತಿಗೆ ಮಳೆ ಹೊಡೀತು ನೋಡಿ, ಆಕಾಶಕ್ಕೇ ತೂತು ಬಿದ್ದಂಗೆ. ಟೈಲರಮ್ಮ ಬಟ್ಟೆ ಗಂಟೆಲ್ಲಾ ಮೇಜಿನ ಮೇಲೆ ಪೇರಿಸಿ, ಕಾಲು ಮೇಲಿಟ್ಕೊಂಡು ಕೂತಿದ್ದಳು. ನೀರು ಬಂತು, ಅಂಗಡಿ ಮುಂದಿನ ಗುಂಡಿಗೆ ಬಿತ್ತು, ಸರ್ರಂತ ಕೆಳಕ್ಕೆ ಹೋಯ್ತು. ಹೊಸ್ತಿಲೂ ನೆನೀಲಿಲ್ಲ. ಅವಳು ಸಣ್ಣ ಹುಡುಗಿ ಥರ ಚಪ್ಪಾಳೆ ಹೊಡೆದು, ನನ್ನ ಕೆನ್ನೆಗೆ ಮುತ್ತು ಕೊಟ್ಟು, ಅಂಜನಾಪುರದ ಅಕ್ಕನಿಗೆ ಫೋನ್ ಹಚ್ಚಿ, "ನಾನು ಬರಲ್ಲ ಕಣಕ್ಕಾ" ಅಂದಳು.

ಅಷ್ಟರಲ್ಲಿ ಕೆಳಗಿಂದ ಕೂಗಾಟ ಕೇಳಿಸ್ತು. ಸೊಪ್ಪು ಅಲ್ಲೇ ಬಿಟ್ಟು, ಕೊಡೆ ಹಿಡ್ಕೊಂಡು ಇಬ್ಬರೂ ಓಡಿದ್ವಿ.

ಮೇಲಿಂದ ಬಂದ ನೀರಿಗೆ ಮೆಂಬರ್ರ ಗೇಟಿನಿಂದ ಆಚೆ ದಾರಿ ಇಲ್ಲ. ಸೀದಾ ಒಳಗೆ ನುಗ್ಗಿದೆ. ಹೊಸಾ ಕಾರಿಗೆ ಬಾಗಿಲಿನವರೆಗೂ ನೀರು. ಚಪ್ಪಲಿ ಸ್ಟ್ಯಾಂಡು, ಪ್ಲಾಸ್ಟಿಕ್ ಕುರ್ಚಿ, ಮುಂದಿನ ಎಲೆಕ್ಷನ್ನಿಗೆ ಅಂತ ಮಾಡಿಸಿಟ್ಟಿದ್ದ ಫ್ಲೆಕ್ಸುಗಳು, ಎಲ್ಲಾ ತೇಲ್ತಾ ಇದಾವೆ. ಮೆಂಬರ್ರು ಪಂಚೆ ಮೇಲಕ್ಕೆ ಕಟ್ಕೊಂಡು, ಮೊಣಕಾಲುದ್ದ ನೀರಲ್ಲಿ ನಿಂತು ಅರಚ್ತಾ ಇದಾರೆ. ಆಮೇಲೆ ಆ ವಾರದಲ್ಲೇ ಇಂಜಿನಿಯರ್ರು ಓಡಿ ಬಂದಿದ್ದು, ಗೇಟಿನಿಂದ ರಾಜಕಾಲುವೆವರೆಗೂ ಕಾಂಕ್ರೀಟ್ ಮೋರಿ ಪೂಜೆ ಗೀಜೆ ಏನೂ ಇಲ್ದೇ ಮುಗಿದಿದ್ದು ಎಲ್ಲಾ ನಿಜ. ಆದ್ರೆ ಅವತ್ತಿನ ಆ ಗಳಿಗೆನ ಮಾತ್ರ ನಾನು ಯಾರಿಗೂ ಮಾರಲ್ಲ.

ಮೆಂಬರ್ರು ಬೀದಿ ಕಡೆ ತಿರುಗಿ ಕೂಗಿದ್ರು, "ಯಾವ ಮುಠ್ಠಾಳ ಕಣ್ರಯ್ಯಾ ಇದನ್ನ ನಮ್ಮನೆವರೆಗೂ ಅಗೆಸಿದ್ದು? ಅವನ ಮೇಲೆ ಕಂಪ್ಲೇಂಟ್ ಕೊಡ್ತೀನಿ!"

ಮೇಲಿನ ಬಾಲ್ಕನಿಯಿಂದ ಮೇಡಂ ಫೋನ್ ಕೈಲಿ ಹಿಡ್ಕೊಂಡು ಬಗ್ಗಿದ್ರು.

"ರೀ, ಕಂಪ್ಲೇಂಟಿಗೆ ಫೋಟೋ ಬೇಕಾದ್ರೆ ಇದೆ ಕಣ್ರೀ. ಹಾರ ಹಾಕ್ಕೊಂಡು ನಗ್ತಾ ನಿಂತಿರೋದು ಕಳಿಸ್ಲಾ, ಇಲ್ಲಾ ಕಾಯಿ ಒಡೀತಿರೋದಾ?"